ತಿರುವನಂತಪುರದ ಕುದುರೆ ಮಾಳಿಗೆಯಲ್ಲಿ ಸಂಗೀತ ಕಚೇರಿ ಕೇಳಿದ್ವಿ, ಅಮ್ಮ ಇನ್ನೂ ಅದೇ ಗುಂಗಲ್ಲಿದ್ದಾರೆ

ತಂಬೂರಿ_ಮೈಸೂರು

ಎಲ್ರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನ್ನ ಕರ್ಕೊಂಡು ಕೇರಳ ಕಡೆ ಹೋಗಿದ್ದೆ, ಕನ್ಯಾಕುಮಾರಿ ನೋಡ್ಕೊಂಡು ತಿರುವನಂತಪುರದಲ್ಲಿ ಎರಡು ದಿನ ಇದ್ದು ಪದ್ಮನಾಭಸ್ವಾಮಿ ದರ್ಶನ ಮಾಡಿ ವಾಪಸ್ ಬರೋದು ಅಂತ ಪ್ಲಾನ್ ಇತ್ತು. ಆದ್ರೆ ದೇವಸ್ಥಾನದ ಪಕ್ಕದಲ್ಲೇ ಕುದಿರಮಾಳಿಗ ಅಂತ ಒಂದು ಅರಮನೆ ಇದೆಯಲ್ಲ, ಅದನ್ನ ನೋಡೋಕೆ ಹೋದಾಗ ಅಂಗಳದಲ್ಲಿ ಕುರ್ಚಿ ಹಾಕ್ತಾ ಇದ್ರು, ಕೇಳಿದ್ರೆ ಸಂಜೆ ಆರಕ್ಕೆ ಕಚೇರಿ, ಸ್ವಾತಿ ಸಂಗೀತೋತ್ಸವ ನಡೀತಿದೆ, ಟಿಕೆಟ್ ಏನಿಲ್ಲ ಬನ್ನಿ ಅಂದ್ರು. ನಮಗೆ ಗೊತ್ತೇ ಇರ್ಲಿಲ್ಲ! ಅಮ್ಮ ಮದುವೆಗೆ ಮುಂಚೆ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮಾಡಿದ್ರು, ಆಮೇಲೆ ಮನೆ ಮಕ್ಕಳು ಅಂತ ಬಿಟ್ಟೋಯ್ತು, ಈಗ ಅಡುಗೆ ಮನೆಯಲ್ಲಿ ಗುನುಗೋದು ಅಷ್ಟೇ. ಅವರ ಮುಖ ನೋಡಿದ ಮೇಲೆ ರಾತ್ರಿ ಟ್ರೈನ್ ಕ್ಯಾನ್ಸಲ್ ಮಾಡಿ ಇನ್ನೆರಡು ದಿನ ಉಳ್ಕೊಂಡ್ವಿ.

ಅರಮನೆ ಅಂದ ತಕ್ಷಣ ನಮ್ಮ ಮೈಸೂರು ತಲೇಲಿ ಇಟ್ಕೋಬೇಡಿ. ಇದು ಮರದ್ದು. ಹೆಂಚಿನ ಸೂರು, ಕಪ್ಪಗೆ ಹೊಳೆಯೋ ಕಂಬಗಳು, ಸೂರಿನ ಕೆಳಗೆ ಸಾಲಾಗಿ ಮರದಲ್ಲಿ ಕೆತ್ತಿರೋ ಕುದುರೆಗಳು, ಒಟ್ಟು 122 ಅಂತೆ, ಅದಕ್ಕೇ ಆ ಹೆಸರು. ನಿಜವಾದ ಹೆಸರು ಪುತ್ತನ್ ಮಾಳಿಗ, ಅಂದ್ರೆ ಹೊಸ ಮಾಳಿಗೆ. ಕಟ್ಟಿಸಿದ್ದು ಸ್ವಾತಿ ತಿರುನಾಳ್ ಮಹಾರಾಜರೇ. ಹುಟ್ಟಿದ್ದು 1813ರಲ್ಲಿ, ಹುಟ್ಟೋಕೆ ಮುಂಚೆನೇ ರಾಜ ಅಂತ ನಿಶ್ಚಯ ಆಗಿತ್ತು, ಅದಕ್ಕೆ ಗರ್ಭಶ್ರೀಮಾನ್ ಅಂತಾರೆ. 16 ವಯಸ್ಸಿಗೆ ಪಟ್ಟ, 33ಕ್ಕೆ ತೀರ್ಕೊಂಡ್ರು. ಅಷ್ಟರೊಳಗೆ ಸಂಸ್ಕೃತ, ಮಲಯಾಳ, ತೆಲುಗು, ಕನ್ನಡ, ಹಿಂದಿ ಇಷ್ಟೂ ಭಾಷೇಲಿ ರಚನೆ ಮಾಡಿದ್ದಾರೆ. ಮಹಡಿ ಮೇಲೆ ದೇವಸ್ಥಾನದ ಕಡೆ ಮುಖ ಮಾಡಿರೋ ಒಂದು ಚಾಚಿದ ಕೋಣೆ ಇದೆ, ಅಲ್ಲಿ ಕೂತು ಬರೀತಿದ್ರು ಅಂತ ಗೈಡ್ ತೋರಿಸಿದ್ರು. ಅಮ್ಮ ಆ ಕೋಣೆ ಬಾಗಿಲಲ್ಲಿ ಎಷ್ಟೊತ್ತು ನಿಂತ್ಕೊಂಡ್ರು ಅಂದ್ರೆ ಹಿಂದೆ ಬರೋರಿಗೆ ದಾರಿ ಬಿಡಿ ಅಂತ ಹೇಳಬೇಕಾಯ್ತು.

ಸಂಜೆ ಅದೇ ಅರಮನೆ ಜಗಲಿನೇ ವೇದಿಕೆ. ಹಿಂದೆ ಫ್ಲೆಕ್ಸ್ ಇಲ್ಲ, ಎಲ್‌ಇಡಿ ಪರದೆ ಇಲ್ಲ, ಕಂಬಗಳ ಮಧ್ಯೆ ಹಾಡೋರು, ಪಿಟೀಲು, ಮೃದಂಗ, ಘಟ. ದೀಪದ ಬೆಳಕು ಮರಕ್ಕೆ ಬಿದ್ದು ಜೇನಿನ ಬಣ್ಣ. ಜನ ಅಂಗಳದಲ್ಲಿ, ಮೇಲೆ ಆಕಾಶ. ಮೈಕ್ ಇತ್ತು, ಆದ್ರೆ ಕಿವಿಗೆ ಬಡಿಯೋ ಹಾಗಲ್ಲ. ಚಾರುಕೇಶಿ ರಾಗದಲ್ಲಿ ಸ್ವಾತಿ ತಿರುನಾಳರ ‘ಕೃಪಯಾ ಪಾಲಯ’ ತಗೊಂಡ್ರು. ಚರಣದಲ್ಲಿ ಅಂಕಿತ ಬರುತ್ತಲ್ಲ, ಪದ್ಮನಾಭ ಅಂತ, ಅದು ಬಂದಾಗ ನಮ್ಮ ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಸುಮ್ಮನೆ ದೇವಸ್ಥಾನದ ಕಡೆ ತಿರುಗಿ ಕೈ ಮುಗಿದ್ರು. ಅಮ್ಮನೂ ತಿರುಗಿದ್ರು. ನಾನೂ. ನಲವತ್ತು ವರ್ಷದಿಂದ ಕ್ಯಾಸೆಟ್ಟಲ್ಲಿ ಸಿಡಿಯಲ್ಲಿ ಮೊಬೈಲಲ್ಲಿ ಆ ಪದ ಕೇಳಿದ್ದೀನಿ, ಅದೊಂದು ಸಹಿ ಅಂತಷ್ಟೇ ಅಂದ್ಕೊಂಡಿದ್ದೆ. ಅಲ್ಲಿ ಕೂತಾಗ ಅದು ವಿಳಾಸ ಅಂತ ಗೊತ್ತಾಯ್ತು, ಪಕ್ಕದ ಮನೆಯವರನ್ನ ಹೆಸರು ಹಿಡಿದು ಕರೆದ ಹಾಗೆ.

ಕೊನೆಗೆ ಧನಾಶ್ರೀ ತಿಲ್ಲಾನ. ಅಮ್ಮ ತೊಡೆ ಮೇಲೆ ತಾಳ ಹಾಕ್ತಾ ಜೊತೆಗೆ ಹಾಡ್ತಿದ್ರು, ಧ್ವನಿ ಹೊರಗೆ ಬರದ ಹಾಗೆ. ನಾನು ಅವರನ್ನ ಹಾಗೆ ನೋಡಿದ್ದು ಅದೇ ಮೊದಲು.

ಇಲ್ಲಿ ಯಾರಾದ್ರೂ ಹೋಗಿದ್ದೀರಾ? ಬೇರೆ ಊರಲ್ಲೂ ಹೀಗೆ ಅರಮನೆ ಒಳಗೆ ಕಚೇರಿ ಕೇಳಿದ್ದೀರಾ? ನನಗೆ ಒಂದು ಪ್ರಶ್ನೆ ಕೊರೀತಾ ಇದೆ, ನಮ್ಮ ಮೈಸೂರಲ್ಲಿ ಇಷ್ಟು ದೊಡ್ಡ ಅರಮನೆ, ಇಷ್ಟು ದೊಡ್ಡ ಸಂಗೀತದ ಇತಿಹಾಸ, ಆದ್ರೂ ನಾನು ಹುಟ್ಟಿ ಬೆಳೆದ ಊರಲ್ಲಿ ಈ ಅನುಭವ ಯಾಕೆ ಆಗ್ಲಿಲ್ಲ?

ಘಟ್ಟದ_ಕೆಳಗಿನವ

ಓದಿ ತುಂಬಾ ಖುಷಿಯಾಯ್ತು. ನಮ್ಮದು ಕಾಸರಗೋಡಿನ ಪೆರ್ಲ ಹತ್ತಿರ. ಈ ಉತ್ಸವ ನಡೆಸುವುದು ರಾಮವರ್ಮರು, ತಿರುವಾಂಕೂರು ರಾಜಮನೆತನದವರೇ, ಗಾಯಕ ಬಾಲಮುರಳಿಕೃಷ್ಣರ ಶಿಷ್ಯರು. ಅವರು ನಮ್ಮ ಪೆರ್ಲಕ್ಕೂ ಬಂದು ಪಾಠದ ಶಿಬಿರ ಮಾಡಿದ್ದುಂಟು, ಅದರ ವಿಡಿಯೋಗಳನ್ನು ಲೋಕವೇ ನೋಡಿದೆ. ಮಕ್ಕಳೂ ಮುದುಕರೂ ಒಟ್ಟಿಗೆ ನೆಲದಲ್ಲಿ ಕೂತು ಒಂದೊಂದೇ ಸಾಲು ಹೇಳಿಸಿಕೊಂಡು ಕಲಿಯುವುದು. ಹಾಗಾಗಿ ನಮ್ಮ ಕಡೆಯವರಿಗೆ ಆ ಅರಮನೆ ಏನೋ ಸಂಬಂಧಿಕರ ಮನೆಯ ಹಾಗೆ ಆಗಿದೆ.

ನೀವು ಜನವರಿಯದ್ದು ನೋಡಿದ್ದು. ಇನ್ನೊಂದುಂಟು, ನವರಾತ್ರಿಯದ್ದು, ಅಲ್ಲೇ ಪಕ್ಕದಲ್ಲಿ ಕೋಟೆಯೊಳಗೆ ನವರಾತ್ರಿ ಮಂಟಪದಲ್ಲಿ. ನಾನು ಎರಡು ಸಲ ಹೋದವ. ಅದು ಕಚೇರಿ ಅಂತ ಹೇಳಲಿಕ್ಕೇ ಆಗುವುದಿಲ್ಲ, ಪೂಜೆ ಅದು. ಪದ್ಮನಾಭಪುರದ ಅರಮನೆಯಿಂದ, ಆ ಊರು ಈಗ ತಮಿಳುನಾಡಿನಲ್ಲಿ ಉಂಟು, ಸರಸ್ವತಿಯನ್ನು ಮೆರವಣಿಗೆಯಲ್ಲಿ ತರ್ತಾರೆ, ಜೊತೆಗೆ ವೇಳಿಮಲೆಯ ಕುಮಾರಸ್ವಾಮಿ, ಶುಚೀಂದ್ರದ ಮುನ್ನೂಟಿ ನಂಗೆ ದೇವಿ. ದಾರಿಯಲ್ಲಿ ರಾತ್ರಿ ತಂಗಿ ತಂಗಿ ಬರುವುದು. ಸರಸ್ವತಿ ಬಂದು ಮಂಟಪದಲ್ಲಿ ಕೂತ ಮೇಲೆ ಒಂಬತ್ತು ಸಂಜೆ ಅವಳ ಎದುರು ಹಾಡುವುದು.

ಒಂಬತ್ತು ದಿನಕ್ಕೆ ಒಂಬತ್ತು ಕೃತಿ ನಿಗದಿ ಉಂಟು, ಎಲ್ಲ ಸ್ವಾತಿ ತಿರುನಾಳರದ್ದೇ. ಮೊದಲ ದಿನ ಶಂಕರಾಭರಣ ರಾಗದ ‘ದೇವಿ ಜಗಜ್ಜನನಿ’, ಮತ್ತೆ ಕಲ್ಯಾಣಿ, ಸಾವೇರಿ, ತೋಡಿ, ಭೈರವಿ, ಪಂತುವರಾಳಿ, ಶುದ್ಧಸಾವೇರಿ, ನಾಟಕುರಂಜಿ, ಒಂಬತ್ತನೇ ದಿನ ಆರಭಿಯ ‘ಪಾಹಿ ಪರ್ವತನಂದಿನಿ’. ಹಾಡುವವರು ಯಾರೇ ಬರಲಿ, ಎಷ್ಟೇ ದೊಡ್ಡ ವಿದ್ವಾಂಸರಾಗಲಿ, ಆ ದಿನದ ಮುಖ್ಯ ಕೃತಿ ಅದೇ. ಆರು ಗಂಟೆಗೆ ಶುರು, ಎಂಟೂವರೆಗೆ ಮುಗೀತು. ಮೊದಲು ಮುಲ್ಲಮೂಡು ಭಾಗವತರು ಅಂತ ಪರಂಪರೆಯಿಂದ ಬಂದವರು ತೋಡಯಮಂಗಳ, ಅಂದರೆ ಶುರುವಿನ ಸ್ತುತಿಗೀತೆಗಳನ್ನು, ಹೇಳ್ತಾರೆ.

ಮತ್ತೆ ಒಂದು ಮುಖ್ಯ ವಿಷಯ, ಚಪ್ಪಾಳೆ ಇಲ್ಲ. ಫೋಟೋ ಇಲ್ಲ. ಭೈರವಿ ಆಲಾಪನೆ ಮುಗಿದಾಗ ಅಷ್ಟೂ ಜನ ಸುಮ್ಮನೆ ಕೂತಿದ್ದೇವೆ. ಮೊದಲ ಸಲ ನನ್ನ ಕೈ ಚಪ್ಪಾಳೆಗೆ ಎದ್ದದ್ದು ಅಲ್ಲೇ ನಿಂತಿತು. ಆಮೇಲೆ ಗೊತ್ತಾಯ್ತು, ಚಪ್ಪಾಳೆ ಹೊಡೆಯದಿದ್ದರೆ ರಾಗ ಕಿವಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರ್ತದೆ. ನಾವು ಹೊಡೆದು ಓಡಿಸಿಬಿಡುವುದು ಅದನ್ನು.

ಧಾರವಾಡದ_ಪೇಡೆ

ಅಕ್ಕಾರ ನಿಮ್ಮ ಬರಹ ಓದಿ ಕಣ್ಣಾಗ ನೀರ ಬಂತ್ರಿ. ನಮ್ಮವ್ವನೂ ಹಿಂಗ, ಭೀಮಸೇನ ಜೋಶಿಯವರ ಅಭಂಗ ಹಚ್ಚಿದ್ರ ರೊಟ್ಟಿ ಬಡಿಯೂದು ಬಿಟ್ಟು ನಿಂತಬಿಡ್ತಾಳ. ನಾ ಹಿಂದೂಸ್ತಾನಿ ಕಿವಿಯಾಂವ, ಕರ್ನಾಟಕಿ ಅಷ್ಟ ತಿಳಿಯೂದಿಲ್ಲ, ಆದ್ರ ಈ ಮಹಾರಾಜರು ಹಿಂದಿಯೊಳಗ ಧ್ರುಪದ್ ಬರದಾರ ಅಂತ ಕೇಳೇನಿ. ಬೃಂದಾವನಿ ಸಾರಂಗದ ‘ಚಲಿಯೇ ಕುಂಜನಮೋ’ ನಮ್ಮ ಗುರುಗಳು ಒಮ್ಮೆ ಹೇಳಿ ತೋರಿಸಿದ್ರು. ಅಷ್ಟ ದೂರ, ಆ ಕಾಲದಾಗ, ಟ್ರೇನ್ ಇಲ್ಲ ಏನಿಲ್ಲ, ಉತ್ತರದ ಸಂಗೀತ ಅಲ್ಲೀತನಾ ಹೆಂಗ ಮುಟ್ಟಿತ್ರಿ?

ಮತ್ತ ಬರೋ ಜನವರಿಗೆ ಅವ್ವನ ಕರಕೊಂಡ ಹೋಗೂದು ಅಂತ ಈಗ ನಿರ್ಧಾರ ಮಾಡೇನಿ. ಎಲ್ಲಿ ಉಳಕೊಂಡ್ರಿ, ಹೆಂಗ ಹೋದ್ರಿ, ವಯಸ್ಸಾದವರಿಗೆ ಆಗತೈತೇನು, ಎಲ್ಲಾ ಬಿಡಿಸಿ ಹೇಳ್ರಿ ದಯಮಾಡಿ.

ತಂಬೂರಿ_ಮೈಸೂರು

@ಧಾರವಾಡದ_ಪೇಡೆ ಖಂಡಿತಾ ಕರ್ಕೊಂಡು ಹೋಗಿ. ಉತ್ತರದ ಗಾಯಕರು ನರ್ತಕರು ಎಲ್ಲಾ ಆ ಆಸ್ಥಾನಕ್ಕೆ ಬರ್ತಿದ್ರು, ದೊರೆಗೆ ಭಾಷೆ ಕಲಿಯೋ ಹುಚ್ಚು, ಬಂದೋರ ಹತ್ರ ಕಲಿತು ಅವರ ಭಾಷೇಲೇ ಬರೆದ್ರು, ನನಗೆ ತಿಳಿದಿರೋದು ಇಷ್ಟು.

ಪ್ರಯಾಣದ ವಿಷಯ. ಬೆಂಗಳೂರಿಂದ ಕನ್ಯಾಕುಮಾರಿಗೆ ಹೋಗೋ ಐಲ್ಯಾಂಡ್ ಎಕ್ಸ್‌ಪ್ರೆಸ್ ಇದೆ, ಅದು ತಿರುವನಂತಪುರದ ಮೇಲೇ ಹೋಗುತ್ತೆ. ಮಂಗಳೂರು ಕಡೆಯಿಂದಾದ್ರೆ ಮಾವೇಲಿ, ಮಲಬಾರ್ ಎರಡೂ ರಾತ್ರಿ ಗಾಡಿ. ಸೆಂಟ್ರಲ್ ಸ್ಟೇಷನ್ನಿಂದ ಕೋಟೆ ಒಂದು ಕಿಲೋಮೀಟರ್ ಆಸುಪಾಸು, ಕಿಳಕ್ಕೆ ಕೋಟ ಅಂದ್ರೆ ಆಟೋದವರು ತಂದು ಬಿಡ್ತಾರೆ. ಕೋಟೆ ಹತ್ರನೇ ಸಣ್ಣ ಲಾಡ್ಜ್ ಮಾಡ್ಕೊಳ್ಳಿ, ಅಮ್ಮಂದಿರಿಗೆ ನಡೆಯೋ ದೂರ. ಸ್ಟೇಷನ್ ಹತ್ರ ತಂಬಾನೂರಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಇದೆ, ಒಳಗೆ ಇಳಿಜಾರು ಸುತ್ತಿಕೊಂಡು ಮೇಲೆ ಹೋಗುತ್ತೆ, ಅಮ್ಮನಿಗೆ ಅದೂ ಬಹಳ ಇಷ್ಟ ಆಯ್ತು, ಸುತ್ತುಬಾವಿಯೊಳಗೆ ಕೂತು ಕಾಫಿ ಕುಡಿದ ಹಾಗಿದೆ ಅಂದ್ರು.

ದೇವಸ್ಥಾನಕ್ಕೆ ಗಂಡಸರು ಪಂಚೆ, ಮೇಲೆ ಅಂಗಿ ಇಲ್ಲ. ಹೆಂಗಸರಿಗೆ ಸೀರೆ ಇದ್ರೆ ತೊಂದ್ರೆನೇ ಇಲ್ಲ. ಅರಮನೆ ಮ್ಯೂಸಿಯಂ ಸೋಮವಾರ ರಜ. ಕಚೇರಿಗೆ ಅರ್ಧ ಗಂಟೆ ಮುಂಚೆ ಹೋಗಿ, ಹೊರಗೆ ಕೂರೋದ್ರಿಂದ ಅಮ್ಮನಿಗೆ ಒಂದು ಶಾಲು ಇರ್ಲಿ, ಸೊಳ್ಳೆಗೆ ಕಾಲಿಗೆ ಹಚ್ಚೋಕೆ ಏನಾದ್ರೂ ತಗೊಂಡು ಹೋಗಿ. ಮತ್ತೆ ಅರಮನೆ ಹತ್ರ ಬೀದಿಯಲ್ಲಿ ಮೇತ್ತನ್ ಮಣಿ ಅಂತ ಹಳೇ ಗಡಿಯಾರ ಇದೆ, ಗಡ್ಡದ ಮುಖ, ಅದರ ಎರಡು ಕಡೆ ಎರಡು ಟಗರು, ಗಂಟೆಗೊಮ್ಮೆ ಬಂದು ಕೆನ್ನೆಗೆ ಗುದ್ದುತ್ತವೆ. ಅದನ್ನ ತೋರಿಸದೆ ಬರಬೇಡಿ.

ಅಗ್ರಹಾರದ_ಹಳಬ

ತಂಗೀ, ನಿಮ್ಮ ಕೊನೆಯ ಪ್ರಶ್ನೆಗೆ ಬರ್ತೀನಿ, ಆದ್ರೆ ಮೊದಲು ಒಂದು ಮಾತು. ಆ ಅರಮನೆಗೂ ನಮ್ಮ ಅರಮನೆಗೂ ಸಂಬಂಧ ಇಲ್ಲ ಅಂದ್ಕೋಬೇಡಿ, ಬಹಳ ಇದೆ.

ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು ಇದ್ರಲ್ಲ, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, ಮುತ್ತುಸ್ವಾಮಿ ದೀಕ್ಷಿತರ ಶಿಷ್ಯರು, ಅವರಲ್ಲಿ ವಡಿವೇಲು ಹೋಗಿದ್ದು ಸ್ವಾತಿ ತಿರುನಾಳರ ಹತ್ರ. ಪಿಟೀಲನ್ನ ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಅವರೊಬ್ಬರು, ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನ ಅವರಿಗೆ ಬಹುಮಾನ ಕೊಟ್ಟರು. ದೊಡ್ಡಣ್ಣ ಚಿನ್ನಯ್ಯ ಬಂದಿದ್ದು ಎಲ್ಲಿಗೆ ಅಂದ್ಕೊಂಡ್ರಿ? ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. ಒಂದೇ ಮನೆ ವಿದ್ಯೆ, ಅಲ್ಲೊಂದು ಇಲ್ಲೊಂದು.

ಇನ್ನೊಂದು ನೂರು ವರ್ಷ ಆದಮೇಲೆ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ನಾಲ್ವಡಿಯವರ ಕಾಲದಲ್ಲಿ ಮೈಸೂರಿಗೆ ಬಂದು ಆಸ್ಥಾನ ವಿದ್ವಾಂಸರಾಗಿ ಚಾಮುಂಡೇಶ್ವರಿ ಮೇಲೆ 108 ಕೃತಿ ಮಾಡಿದ್ರು, ಕನ್ನಡದಲ್ಲಿ. ಮೋಹನಕಲ್ಯಾಣಿಯ ‘ಭುವನೇಶ್ವರಿಯ’ ಅವರದ್ದೇ, ನಿಮ್ಮ ಅಮ್ಮನಿಗೆ ಖಂಡಿತ ಬಾಯಿಗೆ ಬರುತ್ತೆ. ಅವರೇ ಆಮೇಲೆ ತಿರುವಾಂಕೂರಿಗೆ ಹೋಗಿ ಸ್ವಾತಿ ತಿರುನಾಳರ ರಚನೆಗಳನ್ನ ಹುಡುಕಿ, ಓಲೆ ನೋಡಿ, ಬಲ್ಲವರನ್ನ ಕೇಳಿ ಬೆಳಕಿಗೆ ತಂದಿದ್ದು. 1939ರಲ್ಲಿ ಅಲ್ಲಿ ಸಂಗೀತ ಅಕಾಡೆಮಿ ಶುರುವಾದಾಗ ಮೊದಲ ಪ್ರಾಂಶುಪಾಲರು ಅವರೇ, ನಂತರ ಗಾಯಕ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಬಂದ್ರು. ಅಂದ್ರೆ ನೀವು ಅಲ್ಲಿ ಕೂತು ಕೇಳಿದ ಸಂಗೀತ ನಮಗೆಲ್ಲ ದಕ್ಕೋದಕ್ಕೆ ಕಾರಣರಾದವರು ಮೊದಲು ನಮ್ಮ ಚಾಮುಂಡಿಗೆ ಹಾಡಿ ಹೋದೋರು.

ಈಗ ನಿಮ್ಮ ಪ್ರಶ್ನೆ. ನಮ್ಮಲ್ಲಿ ಇರ್ಲಿಲ್ಲ ಅಂತಲ್ಲ ತಂಗೀ. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು, ಬಿಡಾರಂ ಕೃಷ್ಣಪ್ಪನವರು, ಇವರೆಲ್ಲ ಕಚೇರಿ ಮಾಡ್ತಿದ್ದಿದ್ದು ಅರಮನೆ ಒಳಗೇ. ದೊರೆ ಎದುರು, ಕೆಲವೇ ಜನರ ನಡುವೆ. ಜಯಚಾಮರಾಜೇಂದ್ರ ಒಡೆಯರು ತಾವೇ 94 ಕೃತಿ ರಚಿಸಿದ್ರು. ಅದು ಒಳಗಿನ ಸಂಗೀತ. ಸಂಸ್ಥಾನ ಹೋದಮೇಲೆ ಸಂಗೀತ ಹೊರಗೆ ಬಂತು, ದಸರಾದಲ್ಲಿ ಅರಮನೆ ಮುಂದೆ ಎಲ್ಲರಿಗೂ ಆಯ್ತು. ನಮ್ಮಪ್ಪ ಹೇಳ್ತಿದ್ರು, ಅವರ ಅಪ್ಪ ಅರಮನೆ ಒಳಗಿನ ಕಚೇರಿಯನ್ನ ಕೋಟೆ ಗೋಡೆ ಆಚೆ ನಿಂತು ಕೇಳೋಕೆ ಪ್ರಯತ್ನ ಮಾಡಿದ್ರಂತೆ, ಏನೂ ಕೇಳಿಸ್ಲಿಲ್ಲವಂತೆ. ಅವರ ಮೊಮ್ಮಗ ನಾನು ಮುಂದಿನ ಸಾಲಲ್ಲಿ ಕೂತು ಕೇಳಿದ್ದೀನಿ. ಅದನ್ನ ಕಡಿಮೆ ಅಂತ ನಾನು ಹೇಳಲ್ಲ.

ಬಾನಾಡಿ_ಬೆಂಗ್ಳೂರು

ಹಳಬರ ಮಾತು ನೂರಕ್ಕೆ ನೂರು ಸರಿ. ನಂದೊಂದು ಭಿನ್ನಾಭಿಪ್ರಾಯ ಇದೆ, ಬೇಜಾರು ಮಾಡ್ಕೋಬೇಡಿ. ಈ ನವರಾತ್ರಿ ಮಂಟಪದ ಬಗ್ಗೆ ಎಲ್ರೂ ಇಷ್ಟು ಭಕ್ತಿಯಿಂದ ಬರೀತಿದ್ದೀರಿ, ಆದ್ರೆ ಅಲ್ಲಿ ಸರಸ್ವತಿ ಎದುರು ಹೆಂಗಸರು ಹಾಡೋ ಹಾಗಿರ್ಲಿಲ್ಲ, 2006ರವರೆಗೂ! ದೇವಿ ಹೆಣ್ಣು, ಒಂಬತ್ತು ಕೃತಿಗಳೂ ತಾಯಿ ತಾಯಿ ಅಂತ ಕರೆಯೋದು, ಹಾಡೋಕೆ ಮಾತ್ರ ಹೆಣ್ಣಿಗೆ ಜಾಗ ಇಲ್ಲ. ನಾನು ಹತ್ತು ವರ್ಷ ಹಾಡು ಕಲಿತಿದ್ದೀನಿ, ಈ ವಿಷಯ ಮೊದಲ ಸಲ ತಿಳಿದಾಗ ನನಗೆ ಹೊಟ್ಟೆ ಉರೀತು, ಈಗ್ಲೂ ಉರಿಯುತ್ತೆ. ಹಳೇದು ಅಂದ ಮಾತ್ರಕ್ಕೆ ಎಲ್ಲಾ ಪವಿತ್ರ ಅಲ್ಲ.

ಇನ್ನೊಂದು, ಈ ರಚನೆಗಳ ಮಟ್ಟು, ಅಂದ್ರೆ ಹಾಡೋ ಧಾಟಿ, ಎಷ್ಟರ ಮಟ್ಟಿಗೆ ಮಹಾರಾಜರದ್ದು? ‘ಭಾವಯಾಮಿ ರಘುರಾಮಂ’ ಈಗ ನಾವು ಕೇಳೋ ರಾಗಮಾಲಿಕೆ, ಅಂದ್ರೆ ಹಲವು ರಾಗಗಳ ಸರ, ಸೆಮ್ಮಂಗುಡಿಯವರು ಜೋಡಿಸಿದ್ದು, ಮೊದಲು ಅದು ಪೂರ್ತಿ ಸಾವೇರಿಯಲ್ಲಿತ್ತು. ಹಾಗಿರುವಾಗ ಅದೇ ಜಾಗ ಅದೇ ಸಂಗೀತ ಅನ್ನೋದು ಸ್ವಲ್ಪ ನಮ್ಮ ಭಾವನೆ ಅಲ್ವಾ?

ಘಟ್ಟದ_ಕೆಳಗಿನವ

@ಬಾನಾಡಿ_ಬೆಂಗ್ಳೂರು ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ನಾನೇ ಮೊದಲೇ ಬರೆಯಬೇಕಿತ್ತು. 2006ರಲ್ಲಿ ಅಲ್ಲಿ ಮೊದಲು ಹಾಡಿದವರು ಪಾರಶ್ಶಾಲ ಪೊನ್ನಮ್ಮಾಳ್, ಆಗ ಅವರಿಗೆ 80 ದಾಟಿತ್ತು. ಆ ಸ್ವಾತಿ ತಿರುನಾಳ್ ಅಕಾಡೆಮಿಗೆ ಸೇರಿದ ಮೊದಲ ಹುಡುಗಿಯೂ ಅವರೇ. ಆಲೋಚನೆ ಮಾಡಿ, ಹುಡುಗಿಯಾಗಿದ್ದಾಗ ಅದೇ ಊರಲ್ಲಿ ಅದೇ ಮಹಾರಾಜರ ಕೃತಿಗಳನ್ನು ಕಲಿತು, ಕಲಿಸಿ, ಆ ಮಂಟಪದ ಒಳಗೆ ಕೂತು ಹಾಡಲಿಕ್ಕೆ ಅರವತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯ್ತು. 2021ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣ ಕೇಳಿ, ಒಂದು ಸ್ವರ ಆಡಂಬರಕ್ಕೆ ಅಂತ ಇಲ್ಲ, ವಿಳಂಬ ಕಾಲದಲ್ಲಿ ನೇರ ನಡೆದುಕೊಂಡು ಹೋಗ್ತಾರೆ.

ಈಗ ಹೆಂಗಸರು ಹಾಡ್ತಾರೆ. ನನ್ನ ಮಗಳಿಗೆ ಶುದ್ಧಸಾವೇರಿಯ ‘ಜನನಿ ಪಾಹಿ’ ಪಾಠ ಆಗ್ತಾ ಉಂಟು. ಅವಳಿಗೆ ಹಳೆಯ ಕಥೆ ಹೇಳಿದೆ, ‘ಯಾಕಪ್ಪ ಹಾಗೆ?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಂಬೂರಿ_ಮೈಸೂರು

@ಬಾನಾಡಿ_ಬೆಂಗ್ಳೂರು ನಿಮ್ಮ ಸಿಟ್ಟು ನನಗೂ ಇದೆ. ಅಮ್ಮನಿಗೆ ಈ ಪೋಸ್ಟ್ ಎಲ್ಲಾ ಓದಿ ಹೇಳ್ತಾ ಇದ್ದೆ, ಪೊನ್ನಮ್ಮಾಳ್ ವಿಷಯ ಬಂದಾಗ ಇನ್ನೊಂದ್ಸಲ ಓದು ಅಂದ್ರು. ಆಮೇಲೆ ಏನೂ ಮಾತಾಡ್ಲಿಲ್ಲ, ಒಳಗೆ ಹೋದ್ರು.

ಮಟ್ಟಿನ ವಿಷಯಕ್ಕೆ ನನ್ನ ಅನಿಸಿಕೆ ಹೇಳ್ತೀನಿ. ಮಟ್ಟು ಬದಲಾಗಿರಬಹುದು, ಮನೆಗೆ ಸುಣ್ಣ ಹೊಡೀತೀವಿ ಹೆಂಚು ಬದಲಾಯಿಸ್ತೀವಿ, ಆದ್ರೂ ಅದು ನಮ್ಮ ಅಜ್ಜನ ಮನೆನೇ ಅಲ್ವಾ. ಆ ಸಾಹಿತ್ಯ ಯಾರನ್ನ ನೋಡ್ಕೊಂಡು ಬರೆದಿದ್ದೋ ಆ ದೇವರು ಅಲ್ಲೇ ಪಕ್ಕದಲ್ಲಿದ್ದಾನೆ, ಬರೆದ ಕೋಣೆ ನಮ್ಮ ತಲೆ ಮೇಲಿದೆ, ಅದು ಭಾವನೆ ಮಾತ್ರ ಅಲ್ಲ.

@ಅಗ್ರಹಾರದ_ಹಳಬ ಸರ್, ನಿಮ್ಮ ಅಜ್ಜನ ಮಾತು ಓದಿ ಸುಮ್ಮನಾದೆ. ನಾನು ಅದನ್ನ ಯೋಚಿಸಿರ್ಲಿಲ್ಲ. ಅರಮನೆ ಮುಂದೆ ಸಾವಿರಾರು ಜನ ದುಡ್ಡು ಕೊಡದೆ ಕೂತು ಕೇಳೋದು ದೊಡ್ಡದೇ, ಅದು ನಿಲ್ಲಬಾರದು. ಸುಮಾರು ಒಂದು ಲಕ್ಷ ದೀಪ ಒಟ್ಟಿಗೆ ಹತ್ತಿಕೊಂಡಾಗ ಮಕ್ಕಳು ಹೋ ಅನ್ನೋದು ನನಗೂ ಇಷ್ಟ. ಆದ್ರೆ ನನ್ನ ಸಂಕಟ ಬೇರೆ. ಒಂದು ವರ್ಷ ಅಮ್ಮನ್ನ ಕರ್ಕೊಂಡು ಹೋಗಿದ್ದೆ, ವೀಣೆ ಕಚೇರಿ. ಸ್ಪೀಕರ್ ಸೌಂಡು ಎದೆಗೆ ಗುದ್ದೋ ಥರ, ವೀಣೆ ತಂತಿ ಸದ್ದು ತಗಡಿನ ಹಾಗೆ, ಅಕ್ಕಪಕ್ಕ ಎಲ್ಲಾ ಎದ್ದು ನಿಂತು ಅರಮನೆಗೆ ಬೆನ್ನು ಮಾಡಿ ಸೆಲ್ಫಿ, ಪಲ್ಲವಿ ನಡೀತಾ ಇರುವಾಗ್ಲೇ ಗಣ್ಯರು ಬಂದ್ರು ಅಂತ ನಿಲ್ಲಿಸಿ ಸನ್ಮಾನ. ಅಮ್ಮ ಅರ್ಧಕ್ಕೇ ಎದ್ದು ನಡಿ ಹೋಗೋಣ ಅಂದ್ರು. ಶೇಷಣ್ಣನವರ ಊರಲ್ಲಿ ವೀಣೆಗೆ ಹೀಗಾಗಬಾರದು ಅಂತ ದಾರಿಯುದ್ದಕ್ಕೂ ಹೇಳ್ಕೊಂಡು ಬಂದ್ರು.

ದೊಡ್ಡ ವೇದಿಕೆ ಇರ್ಲಿ. ಅದರ ಜೊತೆ ಜಗನ್ಮೋಹನ ಅರಮನೆ ಸಭಾಂಗಣದಲ್ಲೋ, ಅರಮನೆಯ ಯಾವುದಾದ್ರೂ ಒಂದು ಮೂಲೆ ಜಗಲಿಯಲ್ಲೋ, ವರ್ಷಕ್ಕೆ ಏಳು ಸಂಜೆ, ಬರೀ ಮೈಸೂರಿನ ವಾಗ್ಗೇಯಕಾರರ, ಅಂದ್ರೆ ಹಾಡು ಕಟ್ಟಿದೋರ, ರಚನೆ. ಒಂದು ಸಂಜೆ ವಾಸುದೇವಾಚಾರ್ಯರದ್ದು, ಒಂದು ಸಂಜೆ ಮುತ್ತಯ್ಯ ಭಾಗವತರ ಚಾಮುಂಡಿ ಕೃತಿಗಳು, ಒಂದು ಜಯಚಾಮರಾಜೇಂದ್ರರದ್ದು. ಟಿಕೆಟ್ ಬೇಡ, ಸನ್ಮಾನ ಬೇಡ, ಮುಂಚೆ ಬಂದೋರಿಗೆ ಜಾಗ. ಚಾಮುಂಡಿ ಬೆಟ್ಟ ಎದುರಿಗೇ ಕಾಣುತ್ತೆ ಸರ್ ನಮಗೆ! ಚಾಮುಂಡೇಶ್ವರಿ ಅಂತ ಹಾಡುವಾಗ ನಮ್ಮೂರ ಒಬ್ಬ ಅಜ್ಜಿ ಬೆಟ್ಟದ ಕಡೆ ತಿರುಗಿ ಕೈ ಮುಗಿಯೋದನ್ನ ನಾನು ನೋಡಬೇಕು.

ದೂರತೀರ

ನಾನು ಶಿವಮೊಗ್ಗದವಳು, ಕೆಲಸಕ್ಕೆ ಅಂತ ಆಸ್ಟ್ರಿಯಾದಲ್ಲಿದ್ದೀನಿ. ಈ ಚರ್ಚೆ ಓದ್ತಾ ಐಜೆನ್‌ಸ್ಟಾಟ್ ನೆನಪಾಯ್ತು. ವಿಯೆನ್ನಾದಿಂದ ಒಂದು ಗಂಟೆ ದಾರಿ, ಎಸ್ತರ್‌ಹಾಜಿ ಮನೆತನದ ಅರಮನೆ. ಸಂಗೀತ ರಚನೆಕಾರ ಹೈಡನ್ ಆ ಮನೆತನದ ನೌಕರಿಯಲ್ಲಿ ಸುಮಾರು 30 ವರ್ಷ ಇದ್ದರು, ನಮ್ಮ ಆಸ್ಥಾನ ವಿದ್ವಾಂಸರ ಹಾಗೇನೇ, ಸಮವಸ್ತ್ರ ಹಾಕ್ಕೊಂಡು. ಅಲ್ಲಿನ ದೊಡ್ಡ ಸಭಾಂಗಣಕ್ಕೆ ಈಗ ಅವರದ್ದೇ ಹೆಸರು. ನೆಲ ಕಲ್ಲಿನದಿತ್ತು, ಧ್ವನಿ ಚೆನ್ನಾಗಿ ಬರಲಿ ಅಂತ ಹೈಡನ್ ಹಲಗೆ ಹಾಕಿಸಿದ್ರು ಅಂತ ಅಲ್ಲಿ ಹೇಳ್ತಾರೆ. ನಾನು ಅಲ್ಲಿ ಕೇಳಿದ್ದು ಅವರ 45ನೇ ಸಿಂಫನಿ, ಅಂದ್ರೆ ವಾದ್ಯವೃಂದಕ್ಕೆ ಬರೆದ ದೊಡ್ಡ ರಚನೆ. ಅದರ ಕಥೆ ಗೊತ್ತಾ? 1772ರಲ್ಲಿ ರಾಜಕುಮಾರ ಬೇಸಿಗೆ ಅರಮನೆಯಲ್ಲೇ ತಿಂಗಳುಗಟ್ಟಲೆ ಉಳ್ಕೊಂಡ, ಅದು ಈಗ ಹಂಗೇರಿಯಲ್ಲಿದೆ, ವಾದ್ಯಗಾರರಿಗೆ ಊರಲ್ಲಿ ಬಿಟ್ಟುಬಂದ ಹೆಂಡ್ತಿ ಮಕ್ಕಳ ಚಿಂತೆ. ಬಾಯಿಬಿಟ್ಟು ಕೇಳೋ ಹಾಗಿಲ್ಲ. ಹೈಡನ್ ಒಂದು ಸಿಂಫನಿ ಬರೆದ್ರು, ಕೊನೇ ಭಾಗದಲ್ಲಿ ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮುಂದಿದ್ದ ಮೇಣದಬತ್ತಿ ಆರಿಸಿ ಎದ್ದು ಹೋಗ್ತಾರೆ, ಕೊನೆಗೆ ಎರಡೇ ಪಿಟೀಲು ಉಳಿಯುತ್ತೆ. ರಾಜಕುಮಾರನಿಗೆ ಅರ್ಥ ಆಯ್ತು, ಮಾರನೇ ದಿನ ಎಲ್ಲರೂ ಊರಿಗೆ ಹೊರಟ್ರು.

ನಾನು ಕೇಳಿದ ದಿನ ಕೂಡ ಒಬ್ಬೊಬ್ಬರೇ ಎದ್ದು ಹೋದ್ರು. ಮನೆ ಬಿಟ್ಟು ನಾಲ್ಕು ವರ್ಷ ಆಗಿತ್ತು ನನಗೆ. ಎರಡು ಪಿಟೀಲು ಮಾತ್ರ ಉಳಿದಾಗ ಅಳು ತಡೆಯೋಕಾಗ್ಲಿಲ್ಲ. ಪಕ್ಕದಲ್ಲಿದ್ದ ಗೊತ್ತಿಲ್ಲದ ಹೆಂಗಸು ಕರವಸ್ತ್ರ ಕೊಟ್ಟರು, ಮಾತಾಡ್ಲಿಲ್ಲ. ಇಲ್ಲೂ ಸಿಂಫನಿಯ ಭಾಗಗಳ ಮಧ್ಯೆ ಚಪ್ಪಾಳೆ ಹೊಡೆಯಲ್ಲ, ಪೂರ್ತಿ ಮುಗಿದಮೇಲೇ. ಅವತ್ತು ಮುಗಿದಮೇಲೂ ಸ್ವಲ್ಪ ಹೊತ್ತು ಯಾರೂ ಕೈ ಎತ್ತಲಿಲ್ಲ. ಪೆರ್ಲದವರು ಬರೆದದ್ದು ಓದಿದಾಗ ಅದೇ ನೆನಪಾಯ್ತು.

ಇನ್ನೊಂದು, ಹಳಬರು ಜಯಚಾಮರಾಜೇಂದ್ರರ ಹೆಸರು ತೆಗೆದ್ರಲ್ಲ. ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರೌಸ್ ತೀರಿಕೊಂಡ ಮರುವರ್ಷ, 1950ರಲ್ಲಿ, ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಕಚೇರಿ ಲಂಡನ್ನಿನಲ್ಲಿ ಆಯ್ತು. ಅದರ ಖರ್ಚಿಗೆ ಹಣದ ಭರವಸೆ ಕೊಟ್ಟೋರು ನಮ್ಮ ಮೈಸೂರು ಮಹಾರಾಜರು. ಇಲ್ಲಿ ಸಂಗೀತ ಗೊತ್ತಿರೋರಿಗೆ ನಾನು ಕರ್ನಾಟಕದವಳು ಅಂದ್ರೆ ಅರ್ಥ ಆಗಲ್ಲ, ಮೈಸೂರು ಅಂದ್ರೆ ಕಣ್ಣರಳಿಸ್ತಾರೆ.

ಅಗ್ರಹಾರದ_ಹಳಬ

ದೂರತೀರ ತಾಯೀ, ಈ ಲಂಡನ್ ವಿಷಯ ಗೊತ್ತಿತ್ತು, ಆದ್ರೆ ಹೈಡನ್ ಕಥೆ ಹೊಸದು. ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿದೆ.

ತಂಬೂರಿ ತಂಗೀ, ಏಳು ಸಂಜೆ ಅಂದ್ರಲ್ಲ, ಅದನ್ನ ಇಲ್ಲಿಗೇ ಬಿಡಬೇಡಿ. ಒಂದು ಕಾಗದ ಬರೆಯೋಣ, ದಸರಾ ಸಮಿತಿಗೂ ಅರಮನೆಗೂ. ನಾನು ಕರಡು ಮಾಡ್ತೀನಿ, ನಿವೃತ್ತಿ ಆಗಿದೆ, ಸಮಯ ಇದೆ. ಯಾವ ಸಂಜೆಗೆ ಯಾವ ರಚನೆ ಅಂತ ಪಟ್ಟಿ ನಿಮ್ಮ ಅಮ್ಮ ಮಾಡ್ಲಿ. ದಯವಿಟ್ಟು ಅವರಿಂದಲೇ ಮಾಡಿಸಿ.

ಬಾನಾಡಿ_ಬೆಂಗ್ಳೂರು

ಕಾಗದಕ್ಕೆ ನನ್ನ ಸಹಿನೂ ಸೇರಿಸಿ. ಒಂದೇ ಷರತ್ತು, ಏಳರಲ್ಲಿ ಕನಿಷ್ಠ ಮೂರು ಸಂಜೆ ಹೆಂಗಸರು ಹಾಡಬೇಕು, ಹೊಸಬರಿಗೂ ಒಂದು ಸಂಜೆ.

ಧಾರವಾಡದ_ಪೇಡೆ

ನಂದೂ ಸಹಿ ಹಾಕ್ರಿ. ಅವ್ವಗ ಹೇಳಿದೆ ತಿರುವನಂತಪುರಕ್ಕ ಹೋಗೂಣ ಅಂತ, ‘ಅಲ್ಲಿ ಜೋಳದ ರೊಟ್ಟಿ ಸಿಗತೈತೇನು’ ಅಂತ ಕೇಳಿದ್ಲು. ಎರಡ ದಿನಕ್ಕ ಆಗೂ ಅಷ್ಟು ಕಡಕ್ ರೊಟ್ಟಿ ಕಟಗೊಂಡ ಹೋಗ್ತೀವ್ರಿ. ಅಕ್ಕಾರ, ಅಲ್ಲಿ ಕನ್ನಡ ಹಾಡು ಏನರ ಹಾಡಿದ್ರೇನು? ಮಹಾರಾಜರು ಕನ್ನಡದಾಗೂ ಬರದಾರ ಅಂದ್ರಲ್ಲ.

ತಂಬೂರಿ_ಮೈಸೂರು

@ಧಾರವಾಡದ_ಪೇಡೆ ನಾವು ಕೇಳಿದ ಎರಡು ಸಂಜೆ ಹಾಡ್ಲಿಲ್ಲ. ಆದ್ರೆ ಶಂಕರಾಭರಣದಲ್ಲಿ ‘ರಾಜೀವಾಕ್ಷ ಬಾರೋ’ ಅಂತ ಅವರದ್ದೊಂದು ಕನ್ನಡ ರಚನೆ ಇದೆ. ಬಾರೋ ಅಂತ ಕರೆಯೋದು ನೋಡಿ, ನಮ್ಮ ದಾಸರ ಪದಗಳ ಬಾಯಿ.

@ಅಗ್ರಹಾರದ_ಹಳಬ ಸರ್, ಪಟ್ಟಿ ಶುರುವಾಗಿದೆ. ಅಮ್ಮ ಅಟ್ಟದ ಮೇಲಿಂದ ಹಳೇ ಟ್ರಂಕು ಇಳಿಸಿ ಅಂತ ಬೆಳಿಗ್ಗೆನೇ ಹಠ ಹಿಡಿದ್ರು. ಅವರ ಸೀನಿಯರ್ ಕಾಲದ ಸ್ವರ ಬರೆದ ನೋಟ್‌ಬುಕ್ಕು ಅದರಲ್ಲಿತ್ತು, ಅಂಚು ಗೆದ್ದಲು ತಿಂದಿದೆ, ಅಕ್ಷರ ಮಾತ್ರ ಹಾಗೇ ಇದೆ. ಮೊದಲ ಸಂಜೆಗೆ ‘ಭುವನೇಶ್ವರಿಯ’ ಅಂತ ಬರೆದಿದ್ದಾರೆ. ಪಕ್ಕದ ಬೀದಿಯಲ್ಲಿ ಪಾಠ ಹೇಳೋ ಟೀಚರ್ ನಂಬರ್ ಬೇಕಂತೆ, ‘ರಾಜೀವಾಕ್ಷ ಬಾರೋ’ ಕಲೀಬೇಕು, ಗುರುವಾರದಿಂದ ಹೋಗ್ತೀನಿ ಅಂತಿದ್ದಾರೆ. ತಂಬೂರಿಗೆ ತಂತಿ ಹಾಕಿಸೋಕೆ ನಾನು ಇವತ್ತು ಸಂಜೆ ಹೊರಡ್ತಾ ಇದ್ದೀನಿ, ಕರಡು ಕಳಿಸಿ ಸರ್, ರಾತ್ರಿ ಬಂದು ಓದ್ತೀನಿ.